ಸುಟ್ಟ ತುಟಿ

೧೯೩೬ರ ಜುಲೈ ೧೪, ಮಧ್ಯಾಹ್ನ. ಸಿಲ್ವರ್ ಲ್ಯಾಂಟರ್ನ್ ಕ್ಲಬ್ಬಿನ ಜಾಝ್ ಮೇಳದ ಮುಖ್ಯಸ್ಥ ರಾಸ್ಕೋ ವೆನೆಬಲ್ ಏದುಸಿರು ಬಿಡುತ್ತ ಕರಿಯರ ಬಡಾವಣೆ ಹಾರ್ಲೆಮ್ಮಿನ ಠಾಣೆಗೆ ಬಂದ. ಅಭ್ಯಾಸಕ್ಕೆ ಕೂತು ಟ್ರಂಪೆಟ್ಟಿಗೆ ಬಾಯಿಟ್ಟ ಮೇಳದ ವಾದಕ ಕ್ಲೈಡ್ ಮೇಬ್ರಿಯ ತುಟಿ ಸುಟ್ಟುಹೋಗಿತ್ತು. ಊದುವ ತುದಿಗೆ ಯಾರೋ ಕಾಸ್ಟಿಕ್ ಸೋಡಾ ಸವರಿದ್ದರು.

ಇನ್‌ಸ್ಪೆಕ್ಟರ್ ಲೂಷಿಯಸ್ ಪೆಟ್‌ವೇ ದೂರು ಬರೆದುಕೊಂಡು, ಕಾನ್‌ಸ್ಟೆಬಲ್ ಟೇಟ್‌ನನ್ನು ಕರೆದುಕೊಂಡು ಹೊರಟ. ಕರಿಯ ಪೊಲೀಸರಿಗೂ ಆ ಕ್ಲಬ್ಬಿನಲ್ಲಿ ಹಿಂಬಾಗಿಲೇ ಗತಿ. ಮುಂಬಾಗಿಲು ಬಿಳಿಯ ಗಿರಾಕಿಗಳದ್ದು. ಹಿಂಬಾಗಿಲು ಕಾಯುವ ಮುದುಕ ಏಮಸ್ ಟಿಲ್ಲರಿ ಟೋಪಿ ತೆಗೆದು ಒಳಗೆ ಬಿಟ್ಟ.

ಸ್ಥಳ ಪರಿಶೀಲನೆ ನಡೆಯಿತು. ಟ್ರಂಪೆಟ್ಟನ್ನೂ ಪಾತ್ರೆ ತೊಳೆಯುವ ಕೋಣೆಯ ಸೋಡಾ ಡಬ್ಬಿಯನ್ನೂ ವಶಪಡಿಸಿಕೊಂಡರು. ವಾದ್ಯಗಳಿದ್ದ ಕೋಣೆಗೆ ಬೀಗವಿರಲಿಲ್ಲ. ಯಾರು ಬೇಕಾದರೂ ಹೋಗಬಹುದಿತ್ತು.

"ಕ್ಲೈಡ್ ಮೇಲೆ ಯಾರಿಗೆ ಸಿಟ್ಟಿತ್ತು?" ಪೆಟ್‌ವೇ ಮೇಳದವರನ್ನು ಕೇಳಿದ.

"ಯಾರಿಗೂ ಇಲ್ಲ ಸಾಹೇಬ್ರೇ," ಎಂದ ಟ್ರಾಂಬೋನ್ ಊದುವ ಹೊಸೀಯ. "ಇವತ್ತು ಅವನು, ನಾಳೆ ನಾನು. ನೀರು ಕುಡಿಯೋಕೂ ಭಯ ಆಗ್ತಿದೆ."

ಟೇಟ್ ತಂದಿಟ್ಟ ಕಾಫಿಯನ್ನು ಪೆಟ್‌ವೇ ಕೂಡ ಮುಟ್ಟಲಿಲ್ಲ.

"ನಿಮ್ಮ ನಿಮ್ಮ ವಾದ್ಯ ಎತ್ಕೊಳ್ಳಿ, ನೋಡೋಣ. ಊದಬೇಡಿ, ತುದಿ ತೋರ್ಸಿ ಸಾಕು."

ಯಾರೂ ಕೈ ಚಾಚಲಿಲ್ಲ. ಹೊಸೀಯ ಗೋಡೆಗೆ ಒತ್ತಿಕೊಂಡು ನಿಂತು ಅಳತೊಡಗಿದ.

"ಅಯ್ಯೋ, ಯಾಕ್ರಪ್ಪಾ ಹೀಗೆ ಹೆದರ್ತೀರಾ?" ಏಮಸ್ ಬಾಗಿಲಿನಿಂದ ದಾಪುಗಾಲು ಹಾಕಿ ಬಂದ. ಟ್ರಾಂಬೋನ್ ಎತ್ತಿ ತುಟಿಗಿಟ್ಟು ಊದಿದ, ಬರೀ ಗಾಳಿ ಬಂತು. "ನೋಡಿದ್ರಾ? ಇದ್ರಲ್ಲಿ ಏನೂ ಇಲ್ಲ."



"ಇಲ್ಲ ಅಂತ ನಿಂಗೆ ಹೇಗೆ ಗೊತ್ತು, ತಾತ?" ಪೆಟ್‌ವೇ ಮೆಲ್ಲಗೆ ಕೇಳಿದ.

ಮುದುಕ ಟ್ರಾಂಬೋನನ್ನು ಜೋಪಾನವಾಗಿ ಕೆಳಗಿಟ್ಟ. "ಸವರಿದ್ದು ಕ್ಲೈಡ್‌ದಕ್ಕೆ ಮಾತ್ರ," ಎಂದ, ತಪ್ಪಿಸಿಕೊಳ್ಳಲು ನೋಡಲಿಲ್ಲ. ಟೇಟ್ ಅವನಿಗೆ ಬೇಡಿ ತೊಡಿಸಿದ.

ಠಾಣೆಯಲ್ಲಿ ಅವನೇ ಎಲ್ಲವನ್ನೂ ಹೇಳಿದ. ಆ ಕ್ಲಬ್ಬು ಕರಿಯರೇ ಸೇರುತ್ತಿದ್ದ ನೆಲಮಾಳಿಗೆಯಾಗಿದ್ದ ಕಾಲದಲ್ಲಿ ಅಲ್ಲಿನ ಮುಖ್ಯ ಟ್ರಂಪೆಟ್ ವಾದಕ ಅವನೇ. ಹೆಂಡತಿ ಲೂವಿನಿಯಾ ತೀರಿಕೊಂಡಾಗ ಅವಳ ಹೆಸರಿಟ್ಟು ಒಂದು ರಾಗ ಕಟ್ಟಿದ್ದ. ಹಲ್ಲು ಉದುರಿ ಊದಲಾಗದೆ ಹೋದಾಗ ಅದನ್ನು ಕ್ಲೈಡ್‌ಗೆ ಕಲಿಸಿದ್ದ. ಕಳೆದ ಶನಿವಾರ ಕ್ಲೈಡ್ ಗಿರಾಕಿಗಳ ಮುಂದೆ, ಇದು ನನ್ನದೇ ರಾಗ, ರೆಕಾರ್ಡ್ ಆಗಲಿದೆ ಎಂದ. ಲೂವಿನಿಯಾಳ ಹೆಸರು ತೆಗೆದುಹಾಕಿದ್ದ.

"ಒಂದು ವಾರ ಊದದೆ ಇರ್ಲಿ ಅಂದ್ಕೊಂಡೆ, ಅಷ್ಟೇ. ಹುಡುಗನ ತುಟಿ ವಾಸಿ ಆಗುತ್ತಲ್ವಾ ಸಾಹೇಬ್ರೇ? ಮತ್ತೆ ಊದ್ತಾನಲ್ವಾ?"

ಕ್ಲೈಡ್ ಇನ್ನೆಂದೂ ಊದಲಾರ ಎಂದು ಆಸ್ಪತ್ರೆಯಿಂದ ವೈದ್ಯರ ಮಾತು ಆಗಲೇ ಬಂದಿತ್ತು. ಪೆಟ್‌ವೇ ಇಲ್ಲವೆಂದು ತಲೆ ಅಲ್ಲಾಡಿಸಿದ.

ಅಲ್ಲಿಯವರೆಗೆ ನೆಟ್ಟಗೆ ಕೂತಿದ್ದ ಮುದುಕ ಬೇಡಿ ಹಾಕಿದ ಕೈಗಳನ್ನೆತ್ತಿ ತನ್ನ ತುಟಿಯನ್ನು ಮುಚ್ಚಿಕೊಂಡ.