ಕಾಪಿ ಮಾಡಬಾರದ ಫೈಲು

ಅವಳು ಕೆಲಸ ಮಾಡುತ್ತಿದ್ದ ಭಾವನ ಆಫೀಸಿಗೆ ಕಿಟಕಿ ಇರಲಿಲ್ಲ. ಕೆಲಸದವರು ಹೊರಗೆ ಇಣುಕಬಾರದೆಂದು ಕಂಪ್ಯೂಟರ್‌ಗಳಿಂದ ಬ್ರೌಸರನ್ನೂ ತೆಗೆಸಿದ್ದ ಮಹಾನುಭಾವ. ಅಕ್ಕನ ಮನೆಯ ಊಟ, ಭಾವನ ಕಾರು, ಭಾವನ ಆಫೀಸು, ಮತ್ತೆ ಅಕ್ಕನ ಮನೆ. ಅವಳ ಫೋನನ್ನೂ ಅಕ್ಕ ದಿನಾ ತಡಕಾಡುತ್ತಿದ್ದಳು. ಅವಳಿಗೆ ಉಸಿರು ಕಟ್ಟಿದಂತಾಗುತ್ತಿತ್ತು.

ಅವಳ ನಿಟ್ಟುಸಿರು ಕೇಳಿಸಿದ್ದು ಪಕ್ಕದ ಮೇಜಿನ ಇಂಜಿನಿಯರ್‌ಗೆ ಮಾತ್ರ. ಅವನು ಕಟ್ಟುತ್ತಿದ್ದ ಹೊಸ ಆಪರೇಟಿಂಗ್ ಸಿಸ್ಟಮ್‌ನಲ್ಲಿ ವೆಬ್ ವಿಳಾಸವೂ ಒಂದು ಮಾಮೂಲಿ ಫೈಲು. ತೆರೆದರೆ ಆ ಪುಟ ಆ ಕ್ಷಣ ಹೇಗಿದೆಯೋ ಹಾಗೆ ಕಾಣುತ್ತಿತ್ತು. ಬರೆದು ಸೇವ್ ಮಾಡಿದರೆ ಅಲ್ಲಿಗೇ ಹೋಗಿ ಸೇರುತ್ತಿತ್ತು.

"ಬ್ರೌಸರ್ ಯಾಕ್ರೀ? ಫೈಲ್ ತೆಗೀರಿ, ಪ್ರಪಂಚ ಸಿಗುತ್ತೆ."

"ಭಾವಂಗೆ ಗೊತ್ತಾದ್ರೆ?"

"ನಂಗೆ ಗೇಟ್‌ಪಾಸ್, ನಿಮಗೆ ಬೈಗುಳ. ಹಂಚ್ಕೊಳ್ಳೋಣ."

ನಗು ತಡೆಯಲು ಅವಳು ತುಟಿ ಕಚ್ಚಿದಳು. ಅವನು ಅದನ್ನೇ ನೋಡುತ್ತಿದ್ದ. ನೋಡುತ್ತಿದ್ದಾನೆಂದು ಅವಳಿಗೂ ಗೊತ್ತಿತ್ತು.

ಅವನು ಆ ಸಿಸ್ಟಮನ್ನು ಅವಳ ಕಂಪ್ಯೂಟರಿಗೂ ಹಾಕಿಕೊಟ್ಟ. ದೂರದ ಊರಿನ ಕೆಲಸಕ್ಕೆ ಅವಳು ಅರ್ಜಿ ಹಾಕಿದ್ದು ಹಾಗೆಯೇ. ಆಮೇಲೆ ದಿನಾ ಅರ್ಜಿಯ ಫಲಿತಾಂಶದ ಫೈಲು ತೆರೆದರೂ "ಇನ್ನೂ ನಿರ್ಧಾರವಾಗಿಲ್ಲ" ಎಂದೇ ಇರುತ್ತಿತ್ತು. ಇವತ್ತು ಅವಳ ಕಣ್ಣು ತುಂಬಿ ಬಂತು.

ಅವನು ಕುರ್ಚಿ ಎಳೆದುಕೊಂಡು ಬಂದ. "ಇದನ್ನ ಎಲ್ಲಿಂದ ತೆಗೀತಿದ್ದೀರ?"

"ಯಾರ ಕಣ್ಣಿಗೂ ಬೀಳ್ಬಾರ್ದು ಅಂತ ನನ್ನ ಫೋಲ್ಡರ್‌ಗೆ ಕಾಪಿ ಮಾಡ್ಕೊಂಡಿದ್ದೆ."

"ಅಯ್ಯೋ ದೇವ್ರೇ! ಕಾಪಿ ಮಾಡಿದ ದಿನಕ್ಕೇ ಅದು ನಿಂತೋಯ್ತು ಕಣ್ರೀ, ಆಮೇಲಿನ ಬದಲಾವಣೆ ಅದರಲ್ಲಿ ಬರಲ್ಲ."

ಅವನು ಅಸಲಿ ಫೈಲು ತೆರೆದ. ಅವಳು ಆಯ್ಕೆಯಾಗಿದ್ದಳು. ಒಪ್ಪಿಗೆ ತಿಳಿಸಲು ಇವತ್ತೇ ಕೊನೆಯ ದಿನ.

ಅವನ ಮುಖ ಸಪ್ಪಗಾಯಿತು. ಆದರೂ ಕೀಬೋರ್ಡನ್ನು ಅವಳ ಕಡೆಗೆ ತಳ್ಳಿದ. "ಒಪ್ಪಿದ್ದೀನಿ ಅಂತ ಬರೆದು ಸೇವ್ ಮಾಡಿ. ಬೇಗ, ನನ್ನ ಮನಸ್ಸು ಬದಲಾಗೋಕೆ ಮುಂಚೆ."

"ನಾನು ಹೋದ್ರೆ ನಿಮಗೆ ಬೇಜಾರಾಗಲ್ವಾ?"

"ಈ ಗೂಡಲ್ಲಿ ನಾನು ಇಷ್ಟು ದಿನ ಇದ್ದಿದ್ದೇ ನೀವು ಪಕ್ಕದಲ್ಲಿದ್ದೀರ ಅಂತ. ಇನ್ನೇನು ಹೇಳ್ಲಿ?"

ಗಾಜಿನ ಕ್ಯಾಬಿನ್ನಿನಲ್ಲಿ ಭಾವ ಎದ್ದು ನಿಂತ. ಅವಳು ಕೀಬೋರ್ಡನ್ನು ಹತ್ತಿರಕ್ಕೆ ಎಳೆದುಕೊಂಡಳು. ಬರೆದಳು, ಸೇವ್ ಒತ್ತಿದಳು.

"ಒಂದು ಫೋಟೋನಾದ್ರೂ ಕೊಟ್ಟು ಹೋಗ್ತೀರಾ?" ಅವನು ಕೇಳಿದ.

"ಊಹೂಂ." ಮೇಜಿನ ಕೆಳಗೆ ಅವಳು ಅವನ ಕೈ ಹಿಡಿದಳು. "ಫೋಟೋನೂ ಇವತ್ತಿಗೇ ನಿಂತೋಗುತ್ತೆ. ನನ್ನ ನೋಡ್ಬೇಕು ಅನ್ಸಿದಾಗೆಲ್ಲ ನೀನೇ ಬಾ."

ಅವಳು ಅವನನ್ನು ನೀನು ಎಂದದ್ದು ಅದೇ ಮೊದಲು. ಕ್ಯಾಬಿನ್ನಿನ ಬಾಗಿಲು ತೆರೆಯಿತು. ಅವಳು ಕೈ ಬಿಡಲಿಲ್ಲ.