ಕಿಟಕಿಯ ಕೆಳಗಿನ ಫೋನು

"ಟಿವಿ ನಮ್ದು. ಪ್ರಿಂಟರ್ ನಮ್ದು. ಇದು ನಿನ್ನ ಫೋನು, ಇದು ನಂದು." ಅಕ್ಕ ಮೊಬೈಲಿನ ಪರದೆಯ ಮೇಲೆ ಬೆರಳಿಟ್ಟು ಒಂದೊಂದಾಗಿ ಓದಿದಳು. "ಇದ್ಯಾರದೇ ಪುಟ್ಟಿ? ನಮ್ಮ ವೈಫೈಯಲ್ಲಿ ಬಂದು ಕೂತಿದೆ. ಹೆಸರಿಲ್ಲ, ದೆಸೆಯಿಲ್ಲ. ಅನ್‌ನೋನ್ ಡಿವೈಸ್ ಅಂತ ಮಾತ್ರ ಇದೆ."

"ವಾಷಿಂಗ್ ಮೆಷಿನ್ ಇರ್ಬೇಕು ಬಿಡು."

ಪುಟ್ಟಿ ಎಂದರೆ ಪುಟ್ಟ ಹುಡುಗಿಯೇನಲ್ಲ, ಮೂವತ್ತೈದು ದಾಟಿದವಳು. ಕಾದಂಬರಿಗಳನ್ನು ಓದಿ ಆಡಿಯೋ ಪುಸ್ತಕ ಮಾಡುವುದು ಅವಳ ಕೆಲಸ. ಹೊರಗಿನ ಸದ್ದು ತಟ್ಟದಂತೆ ಕೋಟು, ಕಂಬಳಿಗಳನ್ನು ತೂಗುಹಾಕಿದ ಬಟ್ಟೆಯ ಬೀರುವೇ ಅವಳ ಸ್ಟುಡಿಯೋ. ಆ ದಿನ ಓದಿದ್ದನ್ನು ಕಳಿಸುವಾಗ ನೆಟ್ ಆಮೆಯ ಹಾಗೆ ತೆವಳಿತು ಎಂದೇ ಈ ತಪಾಸಣೆ ಶುರುವಾಗಿತ್ತು. ಅಕ್ಕ ಆಸ್ಪತ್ರೆಯಲ್ಲಿ ಹೆಡ್ ನರ್ಸ್. ಏನನ್ನು ಹಿಡಿದರೂ ಉಡದ ಹಿಡಿತ.

ಅವಳು ಮನೆಯ ಸ್ವಿಚ್ಚುಗಳನ್ನೆಲ್ಲ ಆರಿಸುತ್ತ ಹೊರಟಳು. ಟಿವಿ ಆರಿಸಿದರೆ ಟಿವಿಯ ಹೆಸರು ಮಾಯ. ಪ್ರಿಂಟರ್ ಆರಿಸಿದರೆ ಅದರ ಹೆಸರೂ ಮಾಯ. ವಾಷಿಂಗ್ ಮೆಷಿನ್ ಆರಿಸಿದರೆ ಯಾವ ಹೆಸರೂ ಹೋಗಲಿಲ್ಲ. ಆ ಅನಾಮಿಕ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಇಬ್ಬರೂ ನೋಡನೋಡುತ್ತಿದ್ದ ಹಾಗೆ ಅದು ತಾನಾಗಿಯೇ ಅಳಿಸಿಹೋಯಿತು.

"ನೋಡಿದ್ಯಾ!" ಅಕ್ಕ ಚಿಟಿಕೆ ಹೊಡೆದಳು. "ಮನೆ ಸಾಮಾನಾಗಿದ್ರೆ ಎದ್ದು ಹೋಗತ್ತಾ? ಇದು ಹೊರಗಿನವರ ಫೋನು. ದಿನಾ ಸಂಜೆ ಬರತ್ತೆ, ಸ್ವಲ್ಪ ಹೊತ್ತು ಇದ್ದು ಹೋಗತ್ತೆ. ಮೊದಲ ಸಲ ಬಂದಿದ್ದು ಯಾವಾಗ ಅಂತಾನೂ ಆ್ಯಪ್‌ನಲ್ಲಿದೆ. ನಾನು ಟ್ರೇನಿಂಗ್‌ಗೆ ಹೋಗಿದ್ನಲ್ಲ, ಆ ವಾರ."

ಪುಟ್ಟಿಯ ಮುಖ ಕೆಂಪಾಯಿತು.

ಆ ವಾರವೇ ಅವಳು ಕಸ ಹಾಕಲು ಹೊರಗೆ ಹೋದಾಗ ಗಾಳಿಗೆ ಬಾಗಿಲು ಹಾಕಿಕೊಂಡದ್ದು, ಕೀ ಒಳಗೇ ಉಳಿದದ್ದು. ಪಕ್ಕದ ಮನೆಯವರು ಫೋನ್ ಮಾಡಿ ಬೀಗ ರಿಪೇರಿಯವನನ್ನು ಕರೆಸಿದ್ದರು. ಅವನು ಬಾಗಿಲಿಗೆ ಕಿವಿಯಿಟ್ಟು, ಮಗುವಿನ ಎದೆಬಡಿತ ಕೇಳುವ ಹಾಗೆ ಕಣ್ಣು ಮುಚ್ಚಿದ್ದ.

"ಹಳೇ ಮಾಡೆಲ್ಲು. ಒಳಗಡೆ ಹೇಗಿದೆ ಅಂತ ಚಿತ್ರ ನೋಡ್ಬೇಕು. ಇಲ್ಲಿ ಸಿಗ್ನಲ್ಲೇ ಇಲ್ವಲ್ಲ" ಎಂದಿದ್ದ.

ಅವಳು ವೈಫೈ ಪಾಸ್‌ವರ್ಡ್ ಹೇಳಿಬಿಟ್ಟಳು.

"ಇಷ್ಟು ಬೇಗ ಯಾರನ್ನೂ ನಂಬಬಾರ್ದು ಕಣ್ರೀ" ಎಂದ ಅವನು.

"ಬಾಗಿಲು ತೆಗೆಯೋರನ್ನೇ ನಂಬದೆ ಇನ್ಯಾರನ್ನ ನಂಬ್ಲಿ?"

ಅವನು ತಲೆಯೆತ್ತಿ ನೋಡಿದ. ಆ ನೋಟ ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚು ನಿಂತಿತು. ಕೈಯಲ್ಲಿದ್ದ ಸಲಾಕೆ ಜಾರಿ ಠಣ್ ಎಂದು ಮೆಟ್ಟಿಲ ಮೇಲೆ ಬಿತ್ತು.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ. ಯಾಕೆ ಕೆಂಪಾದೆ? ಹೇಳು" ಎಂದಳು ಅಕ್ಕ.

ಪುಟ್ಟಿ ಹೇಳಿದಳು. ಅಕ್ಕನ ಹುಬ್ಬು ಗಂಟಾಯಿತು.

"ನಮ್ಮನೆ ಬೀಗ ಬಿಚ್ಚಿದವನು ದಿನಾ ನಮ್ಮನೆ ಹತ್ರ ಬಂದು ನಿಲ್ತಾನೆ. ಹೊಂಚು ಹಾಕ್ತಿದಾನೆ ಕಣೇ! ಪೊಲೀಸ್‌ಗೆ ಹೇಳೋಣ."

"ಅಕ್ಕಾ, ಬೀಗದವನ ಮೇಲೆ ಕಳ್ಳ ಅನ್ನೋ ಮಾತು ಬಂದ್ರೆ ಮುಗೀತು. ಯಾರು ಅವನನ್ನ ಮನೆಗೆ ಕರೀತಾರೆ? ನಾಳೆ ಒಂದಿನ ತಡಿ. ನಾನೇ ನೋಡ್ತೀನಿ."

ಮರುದಿನ ಸಂಜೆ ಪುಟ್ಟಿ ಎಂದಿನಂತೆ ಕಿಟಕಿಯ ಬಳಿ ಕುಳಿತು ಅಭ್ಯಾಸಕ್ಕೆಂದು ಮುಂದಿನ ಅಧ್ಯಾಯವನ್ನು ಗಟ್ಟಿಯಾಗಿ ಓದತೊಡಗಿದಳು. ಕಾಣೆಯಾದ ಒಬ್ಬ ದನದ ಡಾಕ್ಟರನ್ನು ಹುಡುಕುವ ಪತ್ತೇದಾರಿ ಕಾದಂಬರಿ ಅದು. ತೊಡೆಯ ಮೇಲಿದ್ದ ಮೊಬೈಲಿನಲ್ಲಿ ಆ ಅನಾಮಿಕ ಕಾಣಿಸಿಕೊಂಡಿತು. ಅವಳು ಓದು ನಿಲ್ಲಿಸದೆ ಮೆಲ್ಲಗೆ ಬಗ್ಗಿ ಮಹಡಿಯಿಂದ ಕೆಳಗಿನ ಬೀದಿಯನ್ನು ನೋಡಿದಳು.

ಅವನೇ. ಸೈಕಲ್ಲಿಗೆ ಒರಗಿ, ಒಂದು ಕಿವಿಯನ್ನು ಮೇಲಕ್ಕೆ ವಾಲಿಸಿ ನಿಂತಿದ್ದ. ಕಣ್ಣು ಮುಚ್ಚಿತ್ತು. ಪುಸ್ತಕದಲ್ಲಿ ಯಾರೋ ಕಿರುಚಿದಾಗ ಅವನು ಬೆಚ್ಚಿಬಿದ್ದ. ಮುದುಕಿಯ ಮಾತಿಗೆ ಅವಳು ದನಿ ನಡುಗಿಸಿದಾಗ ಅವನು ತನ್ನಷ್ಟಕ್ಕೇ ನಕ್ಕ. ಬೀದಿಯಲ್ಲಿ ಹೋಗುವವರು ನೋಡುತ್ತಿದ್ದುದರ ಪರಿವೆಯೂ ಅವನಿಗಿರಲಿಲ್ಲ.

ಇವನು ಮನೆಯ ಮೇಲೆ ಹೊಂಚು ಹಾಕಿದವನಲ್ಲ ಎಂದು ಅವಳಿಗೆ ಹೊಳೆಯಿತು. ಜೊತೆಗೆ ಎಂದೂ ಇಲ್ಲದ ತುಂಟತನವೊಂದು ಮೈಗೆ ಹತ್ತಿತು. ಪುಟ ತಿರುವಿ, ಅದೇ ದನಿಯಲ್ಲಿ, ಪುಸ್ತಕದಲ್ಲಿ ಇಲ್ಲದ್ದನ್ನು ಓದಿದಳು:

"ಅಷ್ಟರಲ್ಲಿ ಕಿಟಕಿಯ ಕೆಳಗೆ ಬೀಗ ರಿಪೇರಿಯವನೊಬ್ಬ ಸೈಕಲ್ ಹಿಡಿದು ನಿಂತಿದ್ದ. ತಾನು ಬಂದದ್ದು ಯಾರಿಗೂ ಗೊತ್ತಿಲ್ಲವೆಂದೇ ಅವನ ನಂಬಿಕೆ. ಆದರೆ ಅವನ ಜೇಬಿನ ಫೋನು ಆ ಮನೆಯ ವೈಫೈಯನ್ನು ಮರೆತಿರಲಿಲ್ಲ. ದಿನವೂ ಮನೆಯವರಿಗೆ ಸುದ್ದಿ ಮುಟ್ಟಿಸುತ್ತಿತ್ತು."

ಸೈಕಲ್ ದಡಾರನೆ ಬಿತ್ತು.

"ಅವನು ಮೇಲೆ ಬಂದು ನಿಜ ಹೇಳದೇ ಹೋದರೆ," ಅವಳು ನಗು ತಡೆದುಕೊಂಡು ಮುಂದುವರಿಸಿದಳು, "ಅವಳ ಅಕ್ಕ ಪೊಲೀಸರನ್ನು ಕರೆಯುವವಳಿದ್ದಳು."

ಅವನು ಮೇಲೆ ಬಂದ. ಬಾಗಿಲು ತೆಗೆದವಳು ಅಕ್ಕ.

"ಕೂತ್ಕೊಳ್ಳಿ. ಸುತ್ತಿ ಬಳಸಿ ಹೇಳ್ಬೇಡಿ. ಯಾಕೆ ಬರ್ತೀರಾ?"

"ಅಂಗಡಿ ಮುಚ್ಚಿ ಹೋಗ್ತಿದ್ದೆ. ಇವ್ರು ಓದೋದು ಕೇಳಿಸ್ತು." ಅವನು ಕುರ್ಚಿಯ ತುದಿಯಲ್ಲಿ ಕುಳಿತಿದ್ದ. "ಆ ಡಾಕ್ಟರ್ ಕಾಣೆಯಾದ ಜಾಗದಲ್ಲೇ ನಿಲ್ಸಿಬಿಟ್ರು. ಮುಂದೇನಾಯ್ತೋ ಅಂತ ಮರುದಿನ ಬಂದೆ."

"ಅಷ್ಟು ಕುತೂಹಲ ಇದ್ರೆ ಪುಸ್ತಕ ಕೊಂಡ್ಕೊಳ್ಬಹುದಿತ್ತಲ್ಲ?"

"ಕೊಂಡ್ಕೊಂಡೆ. ಒಂದೇ ಭಾನುವಾರದಲ್ಲಿ ಓದಿ ಮುಗಿಸ್ದೆ. ಡಾಕ್ಟರ್ ಎಲ್ಲಿದಾನೆ ಅಂತ ಗೊತ್ತು ನನಗೆ."

"ಮತ್ತೆ?"

ಅವನು ಅಕ್ಕನ ಮುಖ ನೋಡಿದ, ನೆಲ ನೋಡಿದ, ಆಮೇಲೆ ಪುಟ್ಟಿಯನ್ನು ನೋಡಿದ. "ಮತ್ತೂ ಬಂದೆ" ಎಂದ.

ಅಕ್ಕನ ಹುಬ್ಬಿನ ಗಂಟು ಸಡಿಲಾಯಿತು. ಟೀ ಮಾಡ್ತೀನಿ ಎಂದು ಅಡುಗೆಮನೆಗೆ ಹೋದಳು. ಅಲ್ಲಿಂದ ಪಾತ್ರೆಯ ಸದ್ದಾಗಲಿ ನೀರಿನ ಸದ್ದಾಗಲಿ ಬರಲಿಲ್ಲ. ಇಡೀ ಅಡುಗೆಮನೆಯೇ ಕಿವಿಯಾಗಿತ್ತು.

"ತಪ್ಪಾಯ್ತು ರೀ" ಎಂದ ಅವನು ಮೆಲ್ಲಗೆ. "ನನ್ನ ಕಸುಬಿನವನು ಯಾರ ಕಿಟಕಿ ಕೆಳಗೂ ನಿಲ್ಬಾರ್ದು. ಆ ಫೋನನ್ನ ಬ್ಲಾಕ್ ಮಾಡ್ಬಿಡಿ. ಇನ್ನು ಬರಲ್ಲ."

ಪುಟ್ಟಿ ಬಾಯಿ ತೆರೆದಳು. ಮಾತು ಹೊರಡಲಿಲ್ಲ. ಎಷ್ಟೋ ನಾಯಕಿಯರ ಒಲವಿನ ಮಾತುಗಳನ್ನು ಆ ಬೀರುವಿನೊಳಗೆ ನಿಂತು ತಡವರಿಸದೆ ಆಡಿದ್ದವಳು ಅವಳು. ಈಗ ಕೈಯಲ್ಲಿ ಪುಟವಿಲ್ಲ.

"ಯಾಕೆ ಸುಮ್ನಾದ್ರಿ?"

"ಇಲ್ಲಿಂದ ಮುಂದಕ್ಕೆ ಯಾರೂ ಬರೆದುಕೊಟ್ಟಿಲ್ಲ." ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ನಮ್ಮ ಬೀಗ ಚೆನ್ನಾಗೇ ಇದೆ. ಆದ್ರೂ ನಿಮ್ಮ ಅಂಗಡಿ ತನಕ ಎರಡು ಸಲ ಬಂದಿದ್ದೆ. ಏನು ಕೆಟ್ಟಿದೆ ಅಂತ ಹೇಳೋದು ತಿಳೀಲಿಲ್ಲ. ವಾಪಸ್ ಬಂದ್ಬಿಟ್ಟೆ."

"ನೀವಾ? ಯಾವಾಗ?"

"ಒಂದ್ಸಲ ನೀವು ಯಾರದೋ ಸೂಟ್‌ಕೇಸ್ ಜೊತೆ ಗುದ್ದಾಡ್ತಿದ್ರಿ."

"ಅಯ್ಯೋ, ಕರೀಬಾರ್ದಿತ್ತಾ!" ಅವನು ಎದ್ದೇ ನಿಂತುಬಿಟ್ಟ. "ಆ ಸೂಟ್‌ಕೇಸ್ ಹಾಳಾಗ್ಲಿ, ಒಂದು ಮಾತು ಕರೀಬಾರ್ದಿತ್ತಾ!"

ಅವನ ಸಂಕಟ ನೋಡಿ ಅವಳಿಗೆ ನಗು ಉಕ್ಕಿತು. ಆ ನಗುವಿನಲ್ಲಿ ನಾಚಿಕೆಯೂ ಕೊಚ್ಚಿಹೋಯಿತು.

"ಸಕ್ಕರೆ ಎಷ್ಟು ಹಾಕ್ಲೇ ಪುಟ್ಟಿ, ಇವರಿಗೆ?" ಒಳಗಿನಿಂದ ಅಕ್ಕನ ದನಿ ಬಂತು.

"ನನಗೇನು ಗೊತ್ತು? ಅವರನ್ನೇ ಕೇಳು."

"ನೀನೇ ಕೇಳು. ಇನ್ಮೇಲೆ ನೀನೇ ತಿಳ್ಕೊಂಡಿರ್ಬೇಕಲ್ಲ."

ಅವನು ಕಿವಿಯವರೆಗೂ ಕೆಂಪಾದ. ಪುಟ್ಟಿ ಇನ್ನೊಂದು ಕುರ್ಚಿಯನ್ನು ಕಿಟಕಿಯ ಬಳಿಗೆ ಎಳೆದು ಹಾಕಿದಳು. ಅವನು ಬಂದು ಕುಳಿತ, ಈ ಸಲ ತುದಿಯಲ್ಲಲ್ಲ. ಹೊರಗಿನ ಬೆಳಕು ಅವರಿಬ್ಬರ ಮೊಣಕಾಲ ಮೇಲೆ ಬೀಳುತ್ತಿತ್ತು.

"ಮುಂದೆ ಓದ್ತೀರಾ?" ಎಂದು ಅವನು ಕೇಳಿದ.

ಅವಳು ಪುಸ್ತಕವನ್ನು ಮುಚ್ಚಿ ಕೆಳಗಿಟ್ಟಳು.

"ಇವತ್ತು ಬೇಡ" ಎಂದಳು. "ಇವತ್ತು ನೀವು ಹೇಳಿ, ನಾನು ಕೇಳ್ತೀನಿ."