ಬಾಡಗಿ ಎಷ್ಟ್ರಿ?

"ತಿಂಗಳಿಗೆ ಮೂರು ಲಕ್ಷ ಪಗಾರ!"

ಅಷ್ಟು ಹೇಳಿ ಏಜೆಂಟ ಮೂರು ಬೆರಳು ಎತ್ತಿ ತೋರಿಸಿದ. ಬೆಳಗಾವಿಯ ಆ ಹೋಟೆಲಿನ ಹಾಲಿನಲ್ಲಿ ಕೂತಿದ್ದ ನರ್ಸುಗಳೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಐರ್ಲೆಂಡಿನ ಆಸ್ಪತ್ರೆಗಳಿಗೆ ನರ್ಸುಗಳು ಬೇಕಾಗಿದ್ದಾರೆಂಬ ಜಾಹೀರಾತು ನೋಡಿ ಬಂದವರು ಅವರೆಲ್ಲ.

ಮುಂದಿನ ಸಾಲಿನಲ್ಲಿದ್ದ ಪೂರ್ಣಿಮಾ ಓರೆಗಣ್ಣಿನಿಂದ ಅಪ್ಪನನ್ನು ನೋಡಿದಳು. ಮಗಳು ಪರದೇಶಕ್ಕೆ ಹೋಗುವುದೇ ಬೇಡವೆಂದು ಮುಖ ಊದಿಸಿಕೊಂಡು ಬಂದಿದ್ದ ಗುರುಪುತ್ರಪ್ಪ ಮಾಸ್ತರು ಈಗ ಮೆಲ್ಲಗೆ ತಲೆಯಾಡಿಸುತ್ತಿದ್ದರು!

ಅಬ್ಬಾ... ಅಪ್ಪ ಒಪ್ಪಿಬಿಟ್ಟರು!

ಆಗಲೇ ಹಿಂದಿನಿಂದ ಒಂದು ಗಂಡು ದನಿ ಕೇಳಿತು.

"ಅಲ್ಲಿ ಬಾಡಗಿ ಎಷ್ಟ್ರಿ?"

ಏಜೆಂಟ ನಕ್ಕ. "ಅದೆಲ್ಲಾ ಆಮ್ಯಾಲೆ ನೋಡೂಣ್ರಿ ಸರ್."

"ಆಮ್ಯಾಲೆ ಅಂದ್ರ ವಿಮಾನ ಇಳಿದ ಮ್ಯಾಲೇನ್ರಿ? ಮೂರು ಲಕ್ಷದಾಗ ತೆರಿಗಿ ಮುರಕೊಂಡು ಕೈಗೆ ಬರೋದೆಷ್ಟು? ಡಬ್ಲಿನ್ನಿನ್ಯಾಗ ಒಂದು ಖೋಲಿಗೆ ಅದರಾಗಿಂದು ಹೆಚ್ಚುಕಡಿಮಿ ಅರ್ಧಾ ಹೊಕ್ಕೈತಿ. ಅದನ್ನೂ ಹೇಳ್ರಿ."

ಹಾಲಿನಲ್ಲಿ ಗುಸುಗುಸು ಶುರುವಾಯಿತು. ಗುರುಪುತ್ರಪ್ಪನವರ ತಲೆ ಆಡುವುದು ನಿಂತಿತು. ಅವರು ಕೊಡೆ ಕೈಗೆತ್ತಿಕೊಂಡು, "ನಡಿ, ಮನಿಗೆ ಹೋಗೂಣು," ಎಂದರು.

ಪೂರ್ಣಿಮಾಳಿಗೆ ಸಿಟ್ಟು ನೆತ್ತಿಗೇರಿತು. ಅಪ್ಪ ಚಪ್ಪಲಿ ಹುಡುಕುತ್ತಿದ್ದಾಗ ಅವಳು ಮೆಟ್ಟಿಲ ಮೇಲೆ ಆ ಮನುಷ್ಯನನ್ನು ತಡೆದೇ ಬಿಟ್ಟಳು. ಎತ್ತರದ ಆಳು, ಮಾಸಿದ ನೀಲಿ ಅಂಗಿ, ಜೊತೆಗೆ ಒಬ್ಬ ಹುಡುಗಿ.

"ನಿಮಗೇನ್ ಬೇಕಾಗಿತ್ರಿ? ಆರು ತಿಂಗಳಿಂದ ಅಪ್ಪನ ಕೈಕಾಲು ಬಿದ್ದು ಇಲ್ಲೀಮಟ ಕರಕೊಂಡು ಬಂದಿದ್ದೆ. ಒಂದು ಮಾತಿನ್ಯಾಗ ಎಲ್ಲಾ ಕೆಡಿಸಿದ್ರಿ!"

ಅವನು ಕಕ್ಕಾಬಿಕ್ಕಿಯಾದ. "ತಪ್ಪಾತ್ರಿ... ನಾ ನಮ್ಮ ಸಾಕ್ಷಿ ಸಲುವಾಗಿ ಕೇಳಿದ್ನಿ. ಇಕಿ ನನ್ನ ತಂಗಿ ಆಗಬೇಕು, ಇಕಿನೂ ನರ್ಸು. ನಾ ಅಲ್ಲಿ ಹೋಟೆಲ್ ಅಡಗಿಮನ್ಯಾಗ ಇದ್ದು ಬಂದಾಂವ್ರಿ. ನಿಮಗೂ ಹೇಳ್ತೀನಿ, ಹೋಗ್ರಿ. ಆದ್ರ ಲೆಕ್ಕಾ ಹಾಕಿ ಹೋಗ್ರಿ."

ಅವನ ಹೆಸರು ಮಯೂರ. ಖಾನಾಪುರ ತಾಲ್ಲೂಕಿನ ನಂದಗಡದವನು. ಡಬ್ಲಿನ್‌ನಿಂದ ವಾಪಸು ಬಂದು ತಂದೆ ದಿಗಂಬರರ ಅಕ್ಕಿ ಗಿರಣಿ ನೋಡಿಕೊಳ್ಳುತ್ತಿದ್ದ.

ಅವನ ಮುಖ ಮತ್ತೆಂದೂ ನೋಡಬಾರದೆಂದುಕೊಂಡಳು ಪೂರ್ಣಿಮಾ. ಹಾಗೆ ಅಂದುಕೊಂಡವರು ವಾರದೊಳಗೆ ಸಾಕ್ಷಿಯ ಹತ್ತಿರ ಅವನ ಫೋನ್ ನಂಬರ್ ಯಾಕೆ ತೆಗೆದುಕೊಂಡರೋ, ಅದನ್ನು ಅವಳೇ ಹೇಳಬೇಕು!

*

ಕಾರಣವಿತ್ತು, ಪಾಪ. ಅವಳು ಮೊದಲೇ ಹಾಕಿದ್ದ ಅರ್ಜಿಗಳಿಗೆ ಎರಡು ಕಡೆಯಿಂದ ಕೆಲಸದ ಕರೆ ಬಂದಿತ್ತು. ಒಂದು ಡಬ್ಲಿನ್ನಿನ ದೊಡ್ಡ ಆಸ್ಪತ್ರೆ. ಇನ್ನೊಂದು ಸಮುದ್ರದ ದಂಡೆಯ ಯಾವುದೋ ಸಣ್ಣ ಊರಿನಲ್ಲಿ ವೃದ್ಧರನ್ನು ನೋಡಿಕೊಳ್ಳುವ ಆಸ್ಪತ್ರೆ. ಅಲ್ಲಿ ಸಂಬಳ ಕಡಿಮೆ.

ಇಬ್ಬರೂ ಬೆಳಗಾವಿಯ ಕೋಟೆ ಕೆರೆಯ ದಂಡೆಯಲ್ಲಿ ಸಿಕ್ಕರು. ಅವನು ಮಂಡಕ್ಕಿ ಗಿರ್ಮಿಟ್ಟಿನ ಎರಡು ಪೊಟ್ಟಣ ತಂದಿದ್ದ.

"ಸಣ್ಣ ಊರಿಗೆ ಹೋಗ್ರಿ," ಎಂದ ತಡಮಾಡದೆ. "ಸಂಬಳ ಕಡಿಮಿ ಖರೇ, ಆದ್ರ ಬಾಡಗಿನೂ ಕಡಿಮಿ. ನಡಕೋತ ಡ್ಯೂಟಿಗೆ ಹೋಗಬಹುದು. ತಿಂಗಳ ಕಡೀಕ ಕೈಯಾಗ ಉಳಿಯೋದು ಅಲ್ಲೇ ಹೆಚ್ಚು."

"ನೀವ್ಯಾಕ ಹೊಳ್ಳಿ ಬಂದ್ರಿ ಮತ್ತ?"

ಅವನು ನಕ್ಕ. "ನಾ ಅಲ್ಲಿ ಇದ್ದೆ, ನನ್ನ ತಲಿ ಇಲ್ಲೇ ಇತ್ತು. ಒಂದು ಕಾಫಿ ಕುಡಿಯಾಕ ಹೋದ್ರ ಅದನ್ನ ರೂಪಾಯಿ ಮಾಡಿ ನೋಡ್ತಿದ್ನಿ. ನೋಡಿ ಕುಡೀದ ಹೊಳ್ಳಿ ಬರ್ತಿದ್ನಿ! ದೋಸ್ತರ ಜೋಡಿ ಊಟಕ್ಕ ಹೋಗಲಿಲ್ಲ, ಥಂಡಿಗೆ ಚಲೋ ಕೋಟು ತಗೊಳ್ಳಲಿಲ್ಲ. ರೊಕ್ಕ ಉಳೀತು, ನಾ ಉಳೀಲಿಲ್ಲ. ನೀವು ಹಂಗ ಮಾಡಬ್ಯಾಡ್ರಿ. ಅಲ್ಲಿ ದುಡದಿದ್ದನ್ನ ಅಲ್ಲೀ ಲೆಕ್ಕದಾಗ ಖರ್ಚು ಮಾಡ್ರಿ."

ಪೂರ್ಣಿಮಾಳಿಗೆ ಯಾಕೋ ಅವನ ಥಂಡಿಯ ದಿನಗಳನ್ನು ನೆನೆದು ಸಂಕಟವಾಯಿತು. ಆಗೊಂದು ಕೋಟು ಕೊಡಿಸುವವರು ಯಾರೂ ಇರಲಿಲ್ಲವೇ ಇವನಿಗೆ?

"ನಮ್ಮಪ್ಪ ಬ್ಯಾರೆನ ಹೇಳ್ತಾನ್ರಿ," ಎಂದಳು ಮಾತು ಹೊರಳಿಸಿ. "ಬೆಳಗಾವ್ಯಾಗ ನಮ್ಮ ಮನಿಗೆ ಖರ್ಚ ಇಲ್ಲ, ಅಲ್ಲಿಗೆ ಹೋಗಿ ಯಾಕ ಸುರೀಬೇಕು ಅಂತಾನ."

"ಜ್ವಾಳ ಎಲ್ಲಿಂದ ಬರ್ತಾವು?"

"ಬೈಲಹೊಂಗಲದಾಗ ನಮ್ಮ ಹೊಲದಿಂದ."

"ಮನಿ?"

"ಸ್ವಂತದ್ದು. ಅಜ್ಜ ಕಟ್ಟಿಸಿದ್ದು."

"ಹಾಲು ಹೈನಾ?"

"ಕಾಕಾರ ಮನಿದು..." ಅಷ್ಟಕ್ಕೇ ಅವಳಿಗೆ ನಗು ಬಂತು. "ಅಯ್ಯ! ಅವು ಯಾವೂ ಅಪ್ಪನ ಲೆಕ್ಕದಾಗ ಇಲ್ಲ ನೋಡ್ರಿ."

"ಹೂಂ. ಎಲ್ಲಾ ಮನಿಂದ ಬರೋದಕ್ಕ ಖರ್ಚ ಇಲ್ಲ ಅನಸ್ತೈತಿ. ಅಕ್ಕಿ?"

"ಅದೊಂದು ಕೊಂಡ ತರ್ತೀವಿ."

"ಇನ್ಮ್ಯಾಲೆ ತರಬ್ಯಾಡ್ರಿ," ಎಂದುಬಿಟ್ಟ ಮಯೂರ. ಎಂದಮೇಲೆ ಕಿವಿ ಕೆಂಪಗಾಗಿ ಕೆರೆಯ ಕಡೆ ನೋಡತೊಡಗಿದ.

ಹೀಗೆ ಲೆಕ್ಕ ಹಾಕುವ ನೆಪದಲ್ಲಿ ಅವರು ಎಷ್ಟು ಸಲ ಸಿಕ್ಕರೋ! ತೆರಿಗೆ, ಬಸ್ ಪಾಸು, ಹೀಟರಿನ ಬಿಲ್ಲು... ಪ್ರೇಮಿಗಳು ಆಡುವ ಮಾತೇ ಇವು? ಆದರೂ ಡ್ಯೂಟಿ ಮುಗಿಸಿ ಹೊರಡುವಾಗ ಪೂರ್ಣಿಮಾ ಕನ್ನಡಿ ನೋಡಿಕೊಳ್ಳುವುದು ಹೆಚ್ಚಾಗಿತ್ತು. ಪ್ರತಿ ಸಲವೂ ಅವನ ಕೊನೆಯ ಮಾತು ಒಂದೇ. "ಹೋಗ್ರಿ. ಆದ್ರ ಲೆಕ್ಕಾ ಹಾಕಿ ಹೋಗ್ರಿ."

ಒಮ್ಮೆಯಾದರೂ 'ಹೋಗಬ್ಯಾಡ' ಅನ್ನಬಾರದೇ ಈ ಮನುಷ್ಯ? ಎಂದು ಅವಳ ಮನಸ್ಸು ಒಳಗೊಳಗೇ ಮುನಿಯುತ್ತಿತ್ತು.

ಸುಗ್ಗಿ ಮುಗಿಯುತ್ತಲೇ ಮಹಾಂತೇಶ ನಗರದ ಪೂರ್ಣಿಮಾಳ ಮನೆಗೆ ನಂದಗಡದ ಗಿರಣಿಯಿಂದ ಟೆಂಪೋದಲ್ಲಿ ಒಂದು ಚೀಲ ಹೊಸ ಅಕ್ಕಿ ಬಂತು. ಅವ್ವ ಶಿವಲಿಂಗವ್ವ ಅವತ್ತೇ ಅನ್ನ ಮಾಡಿದಳು. ಘಮಘಮ ಅನ್ನುವ ಅನ್ನ ಉಂಡು ಗುರುಪುತ್ರಪ್ಪನವರು ಇನ್ನೊಂದು ಸಲ ಬಡಿಸಿಕೊಂಡರು. ಇತ್ತ ಪೂರ್ಣಿಮಾ ಲೆಕ್ಕವನ್ನೆಲ್ಲ ಅಪ್ಪನ ಮುಂದಿಟ್ಟು ಹೂಂ ಅನ್ನಿಸಿಕೊಂಡು, ಸಣ್ಣ ಊರಿನ ಆಸ್ಪತ್ರೆಗೆ ಒಪ್ಪಿಗೆ ಬರೆದಳು.

ಎಲ್ಲವೂ ಸರಿಯಾಗಿತ್ತು, ಕುಂದಾಬಾಯಿ ಬರುವವರೆಗೆ.

*

ಕುಂದಾಬಾಯಿ ಮಯೂರನ ಸೋದರತ್ತೆ. ತಾಯಿಯಿಲ್ಲದ ಹುಡುಗನನ್ನು ಬೆಳೆಸಿದವಳು. ಒಂದು ಭಾನುವಾರ ತೆಂಗಿನಕಾಯಿ, ಕುಂಕುಮ, ಡಬ್ಬಿ ತುಂಬ ಕುಂದಾ ಮಿಠಾಯಿ ಸಮೇತ ಬಂದು ಸೋಫಾದ ಮೇಲೆ ಕೂತಳು.

"ನಿಮ್ಮ ಪೂರ್ಣಿಮಾನ ನಮ್ಮ ಮಯೂರಗ ಕೊಡ್ರಿ," ಎಂದಳು ನೇರವಾಗಿ. "ಮದಿವ್ಯಾದ ಮ್ಯಾಲೆ ಪರದೇಶ ಯಾಕ? ಅಲ್ಲಿ ಖರ್ಚು ಭಾಳ ಅಂತ ಅಂವನ ಹೇಳ್ತಾನ."

ಪೂರ್ಣಿಮಾ ಚಹಾದ ತಟ್ಟೆ ಹಿಡಿದಲ್ಲೇ ನಿಂತಳು.

ಓಹೋ... ಇದಕ್ಕೇನು ಆ ಬಾಡಿಗೆಯ ಮಾತು? ಆ ತೆರಿಗೆಯ ಮಾತು? ದೊಡ್ಡ ಸಂಬಳ ಬಿಡಿಸಿದ್ದು, ಅಪ್ಪನನ್ನು ಹೆದರಿಸಿದ್ದು, ಎಲ್ಲವೂ ನನ್ನನ್ನು ನಂದಗಡದ ಒಲೆಯ ಮುಂದೆ ಕೂಡಿಸುವುದಕ್ಕೇ?

ಅವಳ ಕಣ್ಣು ತುಂಬಿ ಬಂತು. ಮದುವೆಯ ಮಾತಿಗೆ ಬಂದ ದುಃಖವಲ್ಲ ಅದು. ಅವನು ಬಾಯಿಬಿಟ್ಟು ತನ್ನನ್ನೇ ಕೇಳಿದ್ದರೆ ಏನು ಹೇಳುತ್ತಿದ್ದಳೋ ಅವಳಿಗೆ ಗೊತ್ತಿತ್ತು. ಅದಕ್ಕೇ ಅಷ್ಟು ನೋವು.

ಮರುದಿನ ಉಳಿದಿದ್ದ ಅಕ್ಕಿಯ ಚೀಲ ಕಟ್ಟಿಕೊಂಡು ಖಾನಾಪುರದ ಬಸ್ಸು ಹತ್ತಿದಳು. ಅಲ್ಲಿಂದ ನಂದಗಡ.

ಗಿರಣಿಯ ಸದ್ದಿನಲ್ಲಿ, ಮೈಯೆಲ್ಲ ತೌಡಿನ ಧೂಳಾಗಿ ನಿಂತಿದ್ದ ಮಯೂರ ಅವಳನ್ನು ಕಂಡು ಅರಳಿದ. "ಬರ್ರಿ, ಬರ್ರಿ..."

"ತಗೋರಿ ನಿಮ್ಮ ಅಕ್ಕಿ!" ಚೀಲ ಅವನ ಕಾಲ ಬುಡಕ್ಕೆ ಬಿತ್ತು. "ನನ್ನ ಕಟ್ಟಿ ಹಾಕಾಕ ಇಷ್ಟೆಲ್ಲಾ ಲೆಕ್ಕಾ ಹೇಳಿದ್ರೇನು? ನಿಮ್ಮ ಆತ್ಯಾ ಬಂದಿದ್ರು, ಕಾಯಿ ಕುಂಕುಮ ತಗೊಂಡು!"

ಮಯೂರನ ಮುಖದ ಬಣ್ಣ ಇಳಿಯಿತು. ಗಿರಣಿ ನಿಲ್ಲಿಸಿದ.

"ಆತ್ಯಾ ಬಂದಿದ್ಲು? ನನಗ ಗೊತ್ತಿಲ್ರಿ, ದೇವರಾಣಿ."

ಅಷ್ಟರಲ್ಲಿ ಹಿಂದಿನ ಮನೆಯಿಂದ ಕುಂದಾಬಾಯಿಯೇ ಬಂದಳು. "ಅಗ ಬಾಳಾ, ಅಂವನ್ನ ಯಾಕ ಬೈತಿ? ನಾನ ಬಂದಿದ್ನಿ. ನಮ್ಮ ಮನಿ ಪದ್ಧತಿ ಐತಿ. ಹೊಸ ಅಕ್ಕಿ ಮೊದಲ ದೇವರಿಗೆ, ಆಮ್ಯಾಲೆ ಬೀಗರಿಗೆ. ಬ್ಯಾರೆ ಯಾರಿಗೂ ಮೊದಲ ಚೀಲ ಹೋಗಂಗಿಲ್ಲ. ಈ ವರ್ಷ ಇಂವ ಮೊದಲ ಚೀಲ ನಿಮ್ಮ ಮನಿಗೆ ಕಳಿಸ್ಯಾನ. ನಾ ಏನ ತಿಳಕೋಬೇಕು?"

ಪೂರ್ಣಿಮಾ ಕಾಲ ಬುಡದ ಚೀಲವನ್ನು ನೋಡಿದಳು.

"ಪೂರ್ಣಿಮಾ," ಎಂದ ಮಯೂರ ತಗ್ಗಿದ ದನಿಯಲ್ಲಿ. "ಹೋಗಬ್ಯಾಡ್ರಿ ಅಂತ ನಾ ಒಮ್ಮೆರ ಅಂದೀನೇನು?"

ಇಲ್ಲ. ಒಮ್ಮೆಯೂ ಇಲ್ಲ. ಕೆರೆಯ ದಂಡೆ, ಗಿರ್ಮಿಟ್ಟು, 'ಹೋಗ್ರಿ' ಎನ್ನುತ್ತಿದ್ದ ಆ ದನಿ... ಎಲ್ಲ ನೆನಪಾಗಿ ಅವಳು ತಲೆ ತಗ್ಗಿಸಿದಳು. ಅದೇ ಮಾತಿಗಲ್ಲವೇ ತಾನು ಇಷ್ಟು ದಿನ ಮುನಿಸಿಕೊಂಡದ್ದು?

"ಅಕ್ಕಿ ಹೊಳ್ಳಿ ತರಬಾರದು," ಎಂದಳು ಕುಂದಾಬಾಯಿ, ಚೀಲವನ್ನು ಅವಳ ಕೈಗೇ ಕೊಡುತ್ತ. "ಉಂಡು ಮುಗಸ್ರಿ. ಆಮ್ಯಾಲೆ ಒಲ್ಲೆ ಅನಿಸಿದ್ರ ಖಾಲಿ ಚೀಲ ಕಳಸು, ನಾವೇನ ಬ್ಯಾಸರ ಮಾಡಕೊಳ್ಳಂಗಿಲ್ಲ. ಹೂಂ ಅನ್ನೂದಿದ್ರ ನಿಮ್ಮ ಮನಿದು ಏನರ ತುಂಬಿ ಕಳಸು."

*

ಮನೆಯಲ್ಲಿ ಗುರುಪುತ್ರಪ್ಪನವರು ಗುರುಗುಟ್ಟಿದರು. "ಅವರ ಜಾತಿ ಬ್ಯಾರೆ, ಮನಿ ಮಾತೂ ಮರಾಠಿ."

"ದಿನಾ ಮುಂಜಾನೆ ಬಸವಣ್ಣನ ಹೆಸರು ತಗೋತೀರಿ, ಈಗ ಜಾತಿ ಕೇಳ್ತೀರೇನು?" ಎಂದಳು ಶಿವಲಿಂಗವ್ವ ರೊಟ್ಟಿ ತಟ್ಟುತ್ತ. "ಅವರ ಅಕ್ಕಿ ಬಡಿಸಿಕೊಂಡು ಉಣ್ಣುವಾಗ ಕೇಳಲಿಲ್ಲಲ್ಲಾ?"

ಮಾಸ್ತರು ಆಮೇಲೆ ಬಹಳ ದಿನ ಯೋಚಿಸಿದರು. ಮಯೂರನನ್ನು ಕರೆಸಿ, ತಾವೇ ಕೂತು ಬಾಡಿಗೆ, ತೆರಿಗೆ ಎಲ್ಲ ಕೇಳಿದರು. ಅವನು ಮಗಳನ್ನು ತಡೆಯುವವನಲ್ಲ ಎಂದು ಅವರಿಗೆ ಖಾತ್ರಿಯಾಯಿತು. ಚೀಲದ ಅಕ್ಕಿ ತಳ ಕಂಡ ದಿನ, ಬೈಲಹೊಂಗಲದ ಜೋಳದ ಮೂಟೆಯನ್ನು ಅವರೇ ಬಿಚ್ಚಿದರು.

ಪೂರ್ಣಿಮಾಳ ವೀಸಾ ಬಂದಾಗ ಮೊದಲ ಮಳೆ ಬೀಳುತ್ತಿತ್ತು. ನಂದಗಡದ ಗಿರಣಿಯಲ್ಲಿ ಮಯೂರ ಯಂತ್ರಗಳಿಗೆ ತಾಡಪತ್ರಿ ಹೊದಿಸುತ್ತಿದ್ದ. ಮಳೆಗಾಲಕ್ಕೆ ಭತ್ತ ಬರುವುದಿಲ್ಲ, ಗಿರಣಿ ಬಂದ್.

ಬಾಗಿಲಲ್ಲಿ ಆಟೋ ನಿಂತಿತು.

"ಚೀಲ ಹೊಳ್ಳಿ ಕೊಡಾಕ ಬಂದೀನ್ರಿ," ಎಂದಳು ಪೂರ್ಣಿಮಾ.

ಖಾಲಿ ಚೀಲವೆಂದುಕೊಂಡು ಅವನು ಕೈ ಚಾಚಿದ. ಚೀಲ ಏಳಲಿಲ್ಲ. ಭಾರ! ಅವಸರದಲ್ಲಿ ದಾರ ಬಿಚ್ಚಿದರೆ ಒಳಗೆ ಬಿಳಿಜೋಳ...

ಅವನು ಒಂದು ಹಿಡಿ ಜೋಳ ಎತ್ತಿ ಹಣೆಗೊತ್ತಿಕೊಂಡ. ಕಣ್ಣಲ್ಲಿ ನೀರು.

"ಆದ್ರ ನಾ ಹೋಗಾಕಿನ," ಎಂದಳು ಅವಳು.

"ಹೋಗ್ರಿ. ಲೆಕ್ಕಾ ಹಾಕೀರಲ್ಲ?"

"ಹಾಕೀನಿ. ಒಂದು ಮಾತ್ರ ಕೂಡವಲ್ದು. ನೀವಿಲ್ದ ಹೆಂಗ ಇರಬೇಕು ಅನ್ನೂದು."

ಮಯೂರ ಹತ್ತಿರ ಬಂದ. "ಆ ಪದ್ಧತಿ ಗೊತ್ತಿಲ್ದ ಚೀಲ ಕಳಿಸಿದ್ನಿ ಅಂದ್ರ ಸುಳ್ಳಾಗ್ತೈತಿ, ಪೂರ್ಣಿಮಾ. ಗೊತ್ತಿದ್ದ ಕಳಿಸಿದ್ನಿ. ನಿಮಗ ತಿಳಿಯಂಗಿಲ್ಲ ಅನ್ನೂ ಧೈರ್ಯದ ಮ್ಯಾಲೆ. ಬಾಯಿಬಿಟ್ಟು ಕೇಳಿದ್ರ ನಿಮ್ಮ ಕಾಲಿಗೆ ತೊಡಕಾಗ್ತೀನಿ ಅಂತ ಅಂಜಿಕಿ. ನೀವಂದ್ರ ನನಗ ಜೀವಾ ರೀ."

"ಇಷ್ಟು ಹೇಳಾಕ ಇಷ್ಟು ದಿನಾ?" ಅಳುತ್ತಲೇ ನಕ್ಕಳು ಅವಳು.

"ಈಗ ಒಂದು ಲೆಕ್ಕಾ ನಾನೂ ಹಾಕೀನಿ. ಇಲ್ಲಿ ಮಳಿಗಾಲ ಇದ್ದಾಗ ಅಲ್ಲಿ ಬ್ಯಾಸಗಿ. ಗಿರಣಿ ಬಂದ್ ಇರ್ತೈತಿ. ಮದಿವ್ಯಾದ ಮ್ಯಾಲೆ ಪ್ರತಿ ವರ್ಷ ಮಳಿಗಾಲಕ್ಕ ನಾನ ಬರ್ತೀನಿ. ನಿಮಗ ಸಾಕನ್ನಿಸಿದ ದಿನಾ ನೀವು ಇಲ್ಲಿಗೆ ಬರ್ರಿ."

"ಟಿಕೀಟು ಭಾಳ ತುಟ್ಟಿ ಆಗ್ತೈತಿ."

"ಅದನ್ನೊಂದು ರೂಪಾಯಿ ಮಾಡಿ ನೋಡಂಗಿಲ್ಲ."

ಹೊರಗೆ ಮಳೆ ಜೋರಾಯಿತು. ಅವನು ತಲೆ ಕೆರೆದುಕೊಂಡು, ಆ ದಿನ ಹಾಲಿನಲ್ಲಿ ಕೇಳಿದ್ದ ದನಿಯಲ್ಲೇ ಕೇಳಿದ.

"ಅಲ್ಲಿ ನಿಮ್ಮ ಖೋಲ್ಯಾಗ ಮಳಿಗಾಲ ಪೂರಾ ಇರಬೇಕಂದ್ರ... ಬಾಡಗಿ ಎಷ್ಟ್ರಿ?"

"ದಿನಾ ಅನ್ನಾ ಮಾಡಿ ಹಾಕಬೇಕು."

"ಹಾಕ್ತೀನ್ರಿ."

"ಅಲ್ಲಿ ಬ್ಯಾಸಗ್ಯಾಗೂ ಥಂಡಿ, ಚಲೋ ಕೋಟು ನಾ ಕೊಡಸ್ತೀನಿ, ಬ್ಯಾಡ ಅನಬಾರದು."

"ಅನಂಗಿಲ್ರಿ."

"ಮತ್ತ ಆ 'ರೀ' ಬಿಡಬೇಕು."

ಮಯೂರ ಅವಳ ಒದ್ದೆ ಕೈಯನ್ನು ತೌಡು ಮೆತ್ತಿದ ತನ್ನ ಕೈಯಲ್ಲಿ ಹಿಡಿದುಕೊಂಡ.

"ಆತು... ಪೂರ್ಣಿ."